ಇಲ್ಲಿ ಸಲ್ಲುವ ಪದ

‘ಮರ್ತ್ಯಲೋಕವೆಂಬುದು ಕರ್ತಾರನ ಕಮ್ಮಟವಯ್ಯಾ, ಇಲ್ಲಿ ಸಲ್ಲುವರು ಅಲ್ಲಿಯೂ ಸಲ್ಲುವರಯ್ಯಾ’ ಎಂಬ ಬಸವಣ್ಣನ ಮಾತನ್ನು ಕೇಳದ ಕನ್ನಡಿಗರು ಕಡಿಮೆ. ಆದರೆ ಅದರೊಳಗಿನ ಕಮ್ಮಟವನ್ನು ನಮ್ಮ ಕಾಲದವರು ಅರ್ಥ ಮಾಡಿಕೊಳ್ಳುವ ರೀತಿಯೇ ಬೇರೆ. ಕಥಾ ಕಮ್ಮಟ, ಕಾವ್ಯ ಕಮ್ಮಟ, ರಂಗ ಕಮ್ಮಟ ಎಂಬ ಬ್ಯಾನರುಗಳನ್ನು ನೋಡಿ ನೋಡಿ, ಈ ಲೋಕ ದೇವರು ನಡೆಸುವ ಮೂರು ದಿನದ ತರಬೇತಿ ಶಿಬಿರ ಎಂದೇ ಅನ್ನಿಸಿಬಿಡುತ್ತದೆ. ವಚನದ ಕಮ್ಮಟ ಟಂಕಸಾಲೆ. ಹೊನ್ನು ಕರಗಿ, ತೂಕಕ್ಕೆ ತುಂಡಾಗಿ, ಅಚ್ಚು ಬಿದ್ದು ನಾಣ್ಯವಾಗುವ ಜಾಗ. ಗದಗದ ಪಕ್ಕದ ಲಕ್ಕುಂಡಿಯಲ್ಲಿ ಅಂಥದ್ದೊಂದು ಇತ್ತು. ಲೊಕ್ಕಿ ಗದ್ಯಾಣ ಎಂಬ ನಾಣ್ಯದ ಹೆಸರು ಆ ಊರಿನದೇ. ‘ಸಲ್ಲು’ ಕೂಡ ಪೇಟೆಯ ಮಾತು. ಅಂಗಡಿಯವನು ತಿರುಗಿಸಿ ನೋಡಿ ಗಲ್ಲಾಪೆಟ್ಟಿಗೆಗೆ ಹಾಕಿಕೊಂಡರೆ ನಾಣ್ಯ ಸಂದಿತು, ವಾಪಸು ತಳ್ಳಿದರೆ ಸಲ್ಲಲಿಲ್ಲ. ಒಳ್ಳೆಯವರು ಕೆಟ್ಟವರು ಎಂದು ಹೇಳದೆ ಸಲ್ಲುವವರು ಸಲ್ಲದವರು ಎಂದದ್ದರ ಖಾರ ಈ ಪೇಟೆಯಲ್ಲಿದೆ.

ಹಾಗೆಂದು ಶಿಬಿರದವರನ್ನು ಬೈಯುವಂತಿಲ್ಲ. ಬಳಕೆ ತಪ್ಪಿದ ಒಂದು ಹಳೆಯ ಪದವನ್ನು ಎತ್ತಿಕೊಂಡು, ಅದರ ಮೇಲೆ ಹೊಸ ಅಚ್ಚು ಹೊಡೆದು ಪೇಟೆಗೆ ಬಿಟ್ಟರು. ಅದು ಎಷ್ಟು ಚೆನ್ನಾಗಿ ಸಂದಿತೆಂದರೆ, ಹನ್ನೆರಡನೆಯ ಶತಮಾನದ ವಚನದ ಅರ್ಥವನ್ನೇ ಹಿಂದಿನಿಂದ ತಿದ್ದಿಬಿಟ್ಟಿತು. ಇಷ್ಟೊಂದು ಬಲ ಒಂದು ಪದಕ್ಕೆ ಬಂದದ್ದು ಹೇಗೆ, ಸರ್ಕಾರಿ ಪದಕೋಶಗಳಲ್ಲಿ ಶಾಸ್ತ್ರೋಕ್ತವಾಗಿ ಹುಟ್ಟಿದ ಸಾವಿರಾರು ಪದಗಳಿಗೆ ಯಾಕೆ ಬರಲಿಲ್ಲ? ಹೊಸ ಪದ ಮಾಡುವುದಕ್ಕೆ ನಾವು ‘ಟಂಕಿಸುವುದು’ ಎನ್ನುತ್ತೇವೆ. ಇಂಗ್ಲಿಷಿನಲ್ಲಂತೂ ‘ಕಾಯ್ನರ್’ ಎಂದರೆ ಪದ ಹುಟ್ಟಿಸುವವನೂ ಹೌದು, ಕಳ್ಳನಾಣ್ಯ ಮಾಡುವವನೂ ಹೌದು. ಆದ್ದರಿಂದ ಉತ್ತರವನ್ನು ಟಂಕಸಾಲೆಯ ಕಡೆಯಿಂದಲೇ ಹುಡುಕುವುದು ನ್ಯಾಯ.

ಮಸಿ ಮೆತ್ತಿದ ಕೈ

ಕಳ್ಳನಾಣ್ಯದವರ ಬಗ್ಗೆ ನಮ್ಮಲ್ಲಿರುವ ಅತ್ಯಂತ ಹತ್ತಿರದ ಚಿತ್ರ ಸಿಕ್ಕಿದ್ದು ಮೈಸೂರಿನಲ್ಲಿ. ಅಲ್ಲಿನ ಪ್ರಾಚ್ಯ ಗ್ರಂಥಾಲಯದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ‘ಕೂಟರೂಪಕಾರಕ’ನನ್ನು ಪತ್ತೆ ಹಚ್ಚುವ ಕ್ರಮವಿದೆ. ಅವನ ಮನೆಗೆ ನುಗ್ಗಿ ನಾಣ್ಯ ಹುಡುಕಿ ಎನ್ನುವುದಿಲ್ಲ ಕೌಟಿಲ್ಯ. ಅವನು ಪೇಟೆಯಲ್ಲಿ ಏನು ಕೊಳ್ಳುತ್ತಾನೆ ನೋಡಿ ಎನ್ನುತ್ತಾನೆ. ಬಗೆಬಗೆಯ ಲೋಹ, ಕ್ಷಾರ, ಇದ್ದಿಲು, ತಿದಿ, ಇಕ್ಕುಳ, ಸುತ್ತಿಗೆ, ಅಡೆಗಲ್ಲು, ಅಚ್ಚು, ಉಳಿ, ಮೂಸೆ ಇವುಗಳನ್ನು ಪದೇ ಪದೇ ಕೊಳ್ಳುವವನು, ಕೈಗೂ ಬಟ್ಟೆಗೂ ಮಸಿ, ಬೂದಿ, ಹೊಗೆ ಮೆತ್ತಿಕೊಂಡವನು ಅನುಮಾನಕ್ಕೆ ಅರ್ಹ.

ಈ ಪಟ್ಟಿಯನ್ನು ನಿಧಾನವಾಗಿ ಓದಿದರೆ ಒಂದು ಇಡೀ ಕೆಲಸದ ಮನೆ ಕಣ್ಣಿಗೆ ಬರುತ್ತದೆ. ಇದ್ದಿಲು, ತಿದಿ, ಮೂಸೆ ಕರಗಿಸುವುದಕ್ಕೆ. ಇಕ್ಕುಳ ಕೆಂಪಾದ ಬಿಲ್ಲೆಯನ್ನು ಹಿಡಿಯುವುದಕ್ಕೆ. ಅಡೆಗಲ್ಲು, ಸುತ್ತಿಗೆ, ಅಚ್ಚು ಹೊಡೆಯುವುದಕ್ಕೆ. ಕ್ಷಾರ ಹೊರಮೈಯನ್ನು ತೊಳೆದು ಬೆಳ್ಳಗೆ ಮಾಡುವುದಕ್ಕೆ. ‘ಪದೇ ಪದೇ’ ಎಂಬ ಮಾತೂ ಸುಮ್ಮನೆ ಬಂದದ್ದಲ್ಲ. ಮೂಸೆ ಬಿರುಕು ಬಿಡುತ್ತದೆ, ಅಚ್ಚು ಸವೆಯುತ್ತದೆ, ಇದ್ದಿಲು ಮುಗಿಯುತ್ತದೆ. ಒಂದು ಸಲ ಇಕ್ಕುಳ ಕೊಂಡವನು ಯಾರೂ ಆಗಿರಬಹುದು. ತಿಂಗಳಿಗೆ ನಾಲ್ಕು ಮೂಸೆ ಕೊಳ್ಳುವವನು ಏನನ್ನೋ ಎರಕ ಹೊಯ್ಯುತ್ತಿದ್ದಾನೆ. ಹಾಗೆಯೇ ಆ ಪಟ್ಟಿಯ ಮೂಲದಲ್ಲಿ ಉಳಿಗೆ ‘ಟಂಕ’ ಎಂಬ ಶಬ್ದ ಇದೆ. ನಾವು ಪದ ‘ಟಂಕಿಸುವಾಗ’ ಹಿಡಿಯುವ ಉಪಕರಣ ಕಳ್ಳನ ಕೈಯಲ್ಲೂ ಇತ್ತು.

ಅದೇ ಗ್ರಂಥದ ಎರಡನೆಯ ಅಧಿಕರಣ ರಾಜನ ಟಂಕಸಾಲೆಯ ಸೂತ್ರವನ್ನೂ ಕೊಡುತ್ತದೆ. ಹದಿನಾರು ಮಾಷದ ಬೆಳ್ಳಿಯ ಪಣದಲ್ಲಿ ನಾಲ್ಕು ಮಾಷ ತಾಮ್ರ, ಒಂದು ಮಾಷ ಗಟ್ಟಿ ಮಾಡುವ ಬೇರೆ ಲೋಹ: ಉಕ್ಕು, ತವರ, ಸೀಸ ಅಥವಾ ಅಂಜನ. ಉಳಿದ ಹನ್ನೊಂದು ಮಾತ್ರ ಬೆಳ್ಳಿ. ಅಂದರೆ ಅಸಲಿ ನಾಣ್ಯವೂ ಮೂರನೇ ಒಂದು ಭಾಗದಷ್ಟು ಬೆರಕೆ. ಕಾರಣ ಸರಳ. ಶುದ್ಧ ಬೆಳ್ಳಿ ಮೆದು, ಚೀಲದಲ್ಲಿ ಒಂದಕ್ಕೊಂದು ಉಜ್ಜಿ ಮುದ್ರೆ ಅಳಿಸಿಹೋಗುತ್ತದೆ. ಕೈಯಿಂದ ಕೈಗೆ ಓಡಾಡಬೇಕಾದ ನಾಣ್ಯಕ್ಕೆ ಬೆರಕೆ ಬೇಕೇ ಬೇಕು.

ಹಾಗಾದರೆ ಖೋಟಾ ಸಿಕ್ಕಿಬೀಳುವುದು ಎಲ್ಲಿ? ಮುಖದಲ್ಲಂತೂ ಅಪರೂಪ. ಅಸಲಿ ನಾಣ್ಯವನ್ನೇ ಮಣ್ಣಿಗೆ ಒತ್ತಿ ಅಚ್ಚು ತೆಗೆದರೆ ಮುಖ ಹೆಚ್ಚುಕಡಿಮೆ ಹಾಗೇ ಬರುತ್ತದೆ. ಆದರೆ ಎರಕದ ಲೋಹ ಆರುವಾಗ ಕುಗ್ಗುತ್ತದೆ, ಆದ್ದರಿಂದ ನಕಲು ಕೂದಲೆಳೆಯಷ್ಟು ಸಣ್ಣದು. ಅಚ್ಚಿನ ಎರಡು ಹೋಳು ಕೂಡಿದ ಕಡೆ, ಅಂಚಿನ ಸುತ್ತ ಒಂದು ಗೆರೆ ಉಳಿಯುತ್ತದೆ. ಉಜ್ಜಿ ಅಳಿಸಿದರೆ ಉಜ್ಜಿದ ಗುರುತು ಉಳಿಯುತ್ತದೆ. ತವರದ ಸಾಂದ್ರತೆ 7.3, ಬೆಳ್ಳಿಯದು 10.5. ಆದ್ದರಿಂದ ತವರದ ನಕಲು ಅಂಗೈಗೆ ಹಗುರ. ತೂಕ ಸರಿದೂಗಿಸಲು 11.3ರ ಸೀಸ ಬೆರೆಸಿದರೆ ಕಲ್ಲಿನ ಮೇಲೆ ಹಾಕಿದಾಗ ‘ಠಣ್’ ಎನ್ನುವ ಬದಲು ‘ದಪ್’ ಎನ್ನುತ್ತದೆ. ತಾಮ್ರದ ಬಿಲ್ಲೆಗೆ ಬೆಳ್ಳಿಯ ಹಾಳೆ ಹೊದಿಸಿ ಅಚ್ಚು ಹೊಡೆದರೆ ಮುಖವೂ ಸರಿ, ನಾದವೂ ಪರವಾಗಿಲ್ಲ. ವರ್ಷ ಕಳೆಯುವಷ್ಟರಲ್ಲಿ ಅಂಚು ಸವೆದು ಕೆಂಪು ಇಣುಕುತ್ತದೆ. ನಾಣ್ಯ ಪರೀಕ್ಷಿಸುವ ಚಿನಿವಾರನಿಗೆ ಮುಖಕ್ಕಿಂತ ಅಂಚೇ ಹೆಚ್ಚು ಹೇಳುತ್ತದೆ.

ಅರ್ಥಶಾಸ್ತ್ರದ ಅದೇ ಅಧಿಕರಣದಲ್ಲಿ ಇನ್ನೊಂದು ಮಾತಿದೆ, ಇಡೀ ವಿಷಯದ ಬೀಗದ ಕೈ ಅದು. ರೂಪದರ್ಶಕ ಎಂಬ ಅಧಿಕಾರಿ ಪಣದ ಚಲಾವಣೆಯನ್ನು ಎರಡು ಬಗೆಯಲ್ಲಿ ನಿಗದಿ ಮಾಡಬೇಕಂತೆ: ಒಂದು ‘ವ್ಯಾವಹಾರಿಕ’, ಇನ್ನೊಂದು ‘ಕೋಶಪ್ರವೇಶ್ಯ’. ಪೇಟೆಯಲ್ಲಿ ಓಡುವುದು ಒಂದು, ಬೊಕ್ಕಸದೊಳಗೆ ಹೋಗುವ ಯೋಗ್ಯತೆಯುಳ್ಳದ್ದು ಮತ್ತೊಂದು. ಕೋಶ ಎಂದರೆ ಬೊಕ್ಕಸ, ಪದಕೋಶವೂ ಕೋಶವೇ. ನಮ್ಮ ಹೊಸ ಪದಗಳ ಮುಕ್ಕಾಲು ಪಾಲು ಕೋಶಪ್ರವೇಶ್ಯ. ವ್ಯಾವಹಾರಿಕ ಆದದ್ದು ಬೆರಳೆಣಿಕೆ.

ತುಪ್ಪಕ್ಕೆ ಎಣ್ಣೆ

ಪದ ಕಟ್ಟುವವರ ನಡುವೆ ಸಾವಿರ ವರ್ಷದಿಂದ ನಡೆದಿರುವ ಜಗಳ ಲೋಹದ ಶುದ್ಧಿಯದು. ಸಂಸ್ಕೃತ ಕನ್ನಡಗಳನ್ನು ಸಮಾಸದಲ್ಲಿ ಸಿಕ್ಕಾಪಟ್ಟೆ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಹಾಕಿದಂತೆ ಎಂದು ಒಂಬತ್ತನೆಯ ಶತಮಾನದಲ್ಲೇ ಕವಿರಾಜಮಾರ್ಗ ಹೇಳಿತು. ಹನ್ನೆರಡನೆಯ ಶತಮಾನದ ನಯಸೇನ ತುಪ್ಪವನ್ನೂ ಎಣ್ಣೆಯನ್ನೂ ಬೆರೆಸುವುದು ತಕ್ಕುದೇ ಎಂದು ಕೇಳಿದ. ವ್ಯಾಕರಣಕಾರ ಕೇಶಿರಾಜ ಅಂಥ ಸಮಾಸಕ್ಕೆ ‘ಅರಿಸಮಾಸ’, ಅಂದರೆ ಶತ್ರುಸಮಾಸ, ಎಂದು ಹೆಸರಿಟ್ಟು ನಿಷೇಧಿಸಿದ. ಹಳೆಯ ಕವಿಗಳು ಆಗಲೇ ಬಳಸಿಬಿಟ್ಟಿದ್ದವಕ್ಕೆ ಮಾತ್ರ ಮಾಫಿ ಕೊಟ್ಟ. ಆಂಡಯ್ಯ ಎಲ್ಲರಿಗಿಂತ ಹಟಮಾರಿ. ಸಂಸ್ಕೃತದ ತತ್ಸಮ ಪದ ಒಂದನ್ನೂ ಮುಟ್ಟದೆ, ದೇಶ್ಯ ತದ್ಭವಗಳಲ್ಲೇ ‘ಕಬ್ಬಿಗರ ಕಾವ’ವನ್ನು ಬರೆದು ಮುಗಿಸಿದ.

ತದ್ಭವ ಎಂದರೂ ಒಂದು ಬಗೆಯ ಮರುಟಂಕನವೇ. ಕಾವ್ಯ ಕರಗಿ ಕಬ್ಬವಾಯಿತು, ವರ್ಣ ಬಣ್ಣವಾಯಿತು, ಪುಸ್ತಕ ಹೊತ್ತಗೆಯಾಯಿತು. ಇದಕ್ಕೆ ಸಮಿತಿ ಇರಲಿಲ್ಲ, ಬಾಯಿಗಳಿದ್ದವು. ಹಾಸ್ಪಿಟಲ್ ಆಸ್ಪತ್ರೆಯಾದದ್ದೂ ಲ್ಯಾಂಟರ್ನ್ ಲಾಟೀನಾದದ್ದೂ ಇದೇ ಒಲೆಯಲ್ಲಿ. ಆಂಡಯ್ಯನಿಗೆ ಈ ಲಾಟೀನು ಒಪ್ಪಿಗೆಯಾಗುತ್ತಿತ್ತು ಎಂದು ನನಗೆ ಗುಮಾನಿ.

ಈಗಿನ ಪೇಟೆಗೆ ಬನ್ನಿ. ಚುನಾವಣೆಯ ದಿನ ಊರೂರಿನ ಶಾಲೆಯ ಗೋಡೆಗೆ ಒಂದು ಹಾಳೆ ಅಂಟಿಸಿರುತ್ತಾರೆ: ಮತಗಟ್ಟೆ ಸಂಖ್ಯೆ ಇಷ್ಟು. ಮತ ಸಂಸ್ಕೃತ, ಕಟ್ಟೆ ಕನ್ನಡ. ಕೇಶಿರಾಜನ ಲೆಕ್ಕದಲ್ಲಿ ಅಪ್ಪಟ ಅರಿಸಮಾಸ. ಆದರೆ ಅದರ ಬೆಸುಗೆ ನೋಡಿ. ಮಳೆ ಕಾಲ ಸೇರಿ ಮಳೆಗಾಲ ಆಗುವಂತೆ, ಇಲ್ಲೂ ಕಕಾರ ಗಕಾರವಾಗಿ ಆದೇಶ ಸಂಧಿ ಆಗಿದೆ; ಹೊರಗಿನ ಲೋಹಕ್ಕೆ ಒಳಗಿನ ಬೆಸುಗೆ. ಜೊತೆಗೆ ಕಟ್ಟೆ ಎಂದ ಕೂಡಲೇ ಅರಳಿಕಟ್ಟೆ, ಪಂಚಾಯ್ತಿಕಟ್ಟೆ, ಊರವರು ಕೂತು ತೀರ್ಮಾನ ಮಾಡುವ ಜಾಗ ತಾನಾಗಿ ನೆನಪಾಗುತ್ತದೆ. ಇಂಗ್ಲಿಷಿನ ಬೂತಿನಲ್ಲಿ ಈ ನೆನಪಿಲ್ಲ. ಯಾರೋ ಪುಣ್ಯಾತ್ಮರು ಆ ಇಂಗ್ಲಿಷ್ ಮಾತನ್ನು ಅಕ್ಷರಶಃ ಅನುವಾದಿಸದೆ, ಅಲ್ಲಿ ನಡೆಯುವ ಕೆಲಸಕ್ಕೆ ನಮ್ಮಲ್ಲಿ ಯಾವ ಜಾಗವಿದೆ ಎಂದು ಯೋಚಿಸಿದ್ದಾರೆ.

ಜಿಲ್ಲಾಧಿಕಾರಿಯಲ್ಲಿ ಅರಬ್ಬಿಗೆ ಸಂಸ್ಕೃತ ಬೆಸೆದಿದೆ, ಬಳಕೆದಾರನಲ್ಲಿ ಕನ್ನಡಕ್ಕೆ ಪಾರಸಿ, ಮೇಲ್ಸೇತುವೆಯಲ್ಲಿ ಕನ್ನಡಕ್ಕೆ ಸಂಸ್ಕೃತ. ಎಲ್ಲ ಬೆರಕೆ, ಎಲ್ಲ ಓಡುತ್ತವೆ. ಸುತ್ತೋಲೆ ಅಚ್ಚಗನ್ನಡ, ಅದೂ ಓಡುತ್ತದೆ. ಹಾಗೆಂದು ಲೋಹದ ಜಗಳ ನಿರರ್ಥಕ ಎನ್ನಲಾರೆ. ಆದರೆ ಪದ ಬಿದ್ದುಹೋಗುವ ಕಾರಣ ಅಲ್ಲಿ ಸಿಗುವುದು ಕಡಿಮೆ.

ತೂಕ, ನಾದ, ಅಂಚು

ಕನ್ನಡದ ಪದವನ್ನು ತೂಗಲು ತಕ್ಕಡಿ ಹುಡುಕಬೇಕಾಗಿಲ್ಲ, ಛಂದಸ್ಸಿನ ಮಾತ್ರೆ ಇದೆ. ಸುತ್ತೋಲೆ ಐದು ಮಾತ್ರೆ. ಮತಗಟ್ಟೆಯೂ ಐದು. ವಿದ್ಯುನ್ಮಾನ ಮತಯಂತ್ರ ಏಳೂ ಐದೂ ಸೇರಿ ಹನ್ನೆರಡು, ಇವಿಎಂ ನಾಲ್ಕು. ಮತಗಟ್ಟೆಯೊಳಗೆ ಇಟ್ಟ ಯಂತ್ರಕ್ಕೆ ಮತಗಟ್ಟೆಯ ಭಾಗ್ಯ ಬರಲಿಲ್ಲ. ತೂಕದ ಜೊತೆ ಲೋಹದ ದೋಷವೂ ಇದೆ: ವಿದ್ಯುತ್ ಮಾನ ಎಂದರೆ ವಿದ್ಯುತ್ತನ್ನು ಅಳೆಯುವುದು, ಮನೆಯ ಕರೆಂಟಿನ ಮೀಟರಿಗೆ ಹೆಚ್ಚು ಒಪ್ಪುವ ಮಾತು.

ತೂಕ ಸರಿಯಿದ್ದೂ ಸಲ್ಲದವು ಇವೆ. ತಂತ್ರಾಂಶ ಐದೇ ಮಾತ್ರೆ. ಯಂತ್ರಾಂಶ ಅದರ ಜೋಡಿ, ಪ್ರಾಸವೂ ಚೆನ್ನ. ಪಠ್ಯಪುಸ್ತಕದಲ್ಲಿ, ಪತ್ರಿಕೆಯಲ್ಲಿ ಬರುತ್ತವೆ. ಬೆಂಗಳೂರಿನಲ್ಲಿ ಅದೇ ಕೆಲಸ ಮಾಡುವ ಲಕ್ಷಾಂತರ ಕನ್ನಡಿಗರ ಬಾಯಲ್ಲಿ ಬರುವುದಿಲ್ಲ. ಹೆಣ್ಣಿನ ಕಡೆಯವರೂ ‘ಹುಡುಗ ಸಾಫ್ಟ್‌ವೇರಾ?’ ಎಂದೇ ಕೇಳುತ್ತಾರೆ. ಆ ಒಂದು ಪ್ರಶ್ನೆಯಲ್ಲಿ ಸಾಫ್ಟ್‌ವೇರ್ ಎಂಬುದು ಕೆಲಸ, ಸಂಬಳ, ಊರು, ಮನೆಗೆ ಬರುವ ಹೊತ್ತು ಎಲ್ಲ ಆಗಿದೆ. ‘ಹುಡುಗ ತಂತ್ರಾಂಶವಾ?’ ಎಂದರೆ ಆ ಚಿಲ್ಲರೆ ಹುಟ್ಟುವುದಿಲ್ಲ.

ಆಮೇಲೆ ನಾದ. ಅಚ್ಚಗನ್ನಡದಲ್ಲಿ ಪದ ಕಟ್ಟುವವರು ವೆಬ್‌ಸೈಟಿಗೆ ‘ಮಿಂದಾಣ’ ಎಂದರು. ಮಿನ್, ತಾಣ; ತಕಾರ ದಕಾರವಾಗಿದೆ; ಕೇಶಿರಾಜನೂ ತಲೆದೂಗಬೇಕಾದ ಸಂಧಿ. ಆದರೆ ಕಿವಿಗೆ ಮೊದಲು ಬೀಳುವುದು ‘ಮಿಂದ’. ತುಂಗೆಯಲ್ಲಿ ಮಿಂದು ಬಂದವರ ನೆನಪಾಗಿ, ಮಿಂದಾಣ ಸ್ನಾನಘಟ್ಟವಾಗಿಬಿಡುತ್ತದೆ. ಅದೇ ಮಿಂಚು ಅಂಚೆಯ ಜೊತೆ ಲೋಪಸಂಧಿಯಲ್ಲಿ ಕೂಡಿ ಮಿಂಚಂಚೆ ಆದಾಗ ಎರಡೂ ತುಂಡು ಬೇರೆಬೇರೆಯಾಗಿ ಕೇಳಿಸುತ್ತವೆ. ಆದ್ದರಿಂದಲೇ ಅದು ಕೆಲವರ ಆಹ್ವಾನಪತ್ರಿಕೆಯ ಮೂಲೆಯವರೆಗಾದರೂ ತಲುಪಿತು. ಪದ ಕಟ್ಟಿದವರು ಅದನ್ನು ಕಾಗದದ ಮೇಲೆ ಬಿಡಿಸಿ ನೋಡುವುದಕ್ಕಿಂತ, ಗದ್ದಲದ ಬಸ್‌ಸ್ಟ್ಯಾಂಡಿನಿಂದ ಫೋನಿನಲ್ಲಿ ಹೇಳಿ ನೋಡಬೇಕು. ಆ ಕಡೆಯವರು ‘ಏನಂದ್ರಿ?’ ಎಂದರೆ ಮತ್ತೆ ಮೂಸೆಗೆ ಹಾಕುವುದೇ ಒಳ್ಳೆಯದು.

ಅಂಚು ಎಂದರೆ ಪದದ ಕೊನೆ, ವಿಭಕ್ತಿ ಬಂದು ಕೂರುವ ಜಾಗ. ನಮ್ಮ ಭಾಷೆಯಲ್ಲಿ ಸವೆತ ಆಗುವುದು ಅಲ್ಲಿ. ಶ್ರೋತೃ ಎಂಬ ಪದದ ಮುಖ ಗಂಭೀರ, ಲೋಹ ಪಾಣಿನಿಯ ಕಾಲದ್ದು. ಬಹುವಚನ ಮಾಡಿ: ಶ್ರೋತೃಗಳು. ನಾಲಿಗೆ ಅದನ್ನು ಶ್ರೋತ್ರುಗಳು ಎನ್ನುತ್ತದೆ. ಇನ್ನು ಶ್ರೋತ್ರ ಎಂದರೆ ಕಿವಿ, ಹಾಗಾಗಿ ‘ಪ್ರಿಯ ಕಿವಿಗಳೇ’ ಎಂದು ಕರೆದಂತಾಯಿತು. ಕೇಳುಗ ಎಂಬುದಕ್ಕೆ ಈ ತಾಪತ್ರಯವಿಲ್ಲ. ಕೇಳುಗರು, ಕೇಳುಗರಿಗೆ, ಕೇಳುಗರಿಂದ ಎಂದು ಎಲ್ಲಿ ಬೇಕಾದರೂ ಬಾಗುತ್ತದೆ. ‘ಉಗ’ ಎಂಬ ಅಚ್ಚು ಒಂದಿದ್ದರೆ ಓದುಗ, ನೋಡುಗ, ಕೇಳುಗ ಮೂರೂ ಬಿದ್ದವು. ‘ಗಾರ’ ಎಂಬ ಅಚ್ಚಿನಲ್ಲಿ ಬರಹಗಾರ, ಹೋರಾಟಗಾರ, ಆಟಗಾರ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ಟರು ಕನ್ನಡದ್ದೇ ಒಟ್ಟುಗಳನ್ನು, ಅಂದರೆ ಪ್ರತ್ಯಯಗಳನ್ನು, ಬಳಸಿ ಪದ ಕಟ್ಟಿ ಎಂದು ಹೇಳುತ್ತ ಬಂದದ್ದರಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಶುದ್ಧಿಯ ವಾದ ಅಲ್ಲ, ಈ ಅಚ್ಚುಗಳ ಪಟ್ಟಿ.

ಇನ್ನೊಂದು ಎಡವಟ್ಟು, ಒಂದೇ ಮುಖದ ಎರಡು ನಾಣ್ಯ. ಟೈಪ್ ಮಾಡುವುದಕ್ಕೆ ಬೆರಳಚ್ಚು ಎಂದೆವು. ಪೊಲೀಸರು ಗ್ಲಾಸಿನ ಮೇಲಿಂದ ಎತ್ತುವ ಗುರುತಿಗೂ ಬೆರಳಚ್ಚು ಎಂದೆವು. ಬೆರಳಚ್ಚುಗಾರ ಕಚೇರಿಯಲ್ಲಿ ಕೂತಿರುತ್ತಾನೆ, ಬೆರಳಚ್ಚು ತಜ್ಞ ಕೊಲೆ ನಡೆದ ಮನೆಗೆ ಬರುತ್ತಾನೆ. ವ್ಯವಹಾರ ಇದನ್ನು ತನ್ನದೇ ರೀತಿಯಲ್ಲಿ ಬಗೆಹರಿಸಿಕೊಂಡಿದೆ: ಕಂಪ್ಯೂಟರಿನ ಮುಂದೆ ‘ಟೈಪ್ ಮಾಡು’, ನ್ಯಾಯಬೆಲೆ ಅಂಗಡಿಯ ಯಂತ್ರದ ಮುಂದೆ ‘ಹೆಬ್ಬೆಟ್ಟು ಕೊಡಿ’. ಅಕ್ಷರ ಬಾರದವನ ಗುರುತಾಗಿದ್ದ ಹೆಬ್ಬೆಟ್ಟು ಈಗ ಎಂಜಿನಿಯರನೂ ಒತ್ತಬೇಕಾದ ಹೊಸ ನಾಣ್ಯ.

ಹಳೆ ಮುಖದ ಮೇಲೆ ಹೊಸ ಮುದ್ರೆ

1906ರಲ್ಲಿ ನಾಸಿಕದ ಹತ್ತಿರ ಜೋಗಲ್‌ತೆಂಬಿಯಲ್ಲಿ ಒಂದು ನಿಧಿ ಸಿಕ್ಕಿತು. 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯ. ಎಲ್ಲ ಕ್ಷತ್ರಪ ವಂಶದ ದೊರೆ ನಹಪಾನನವು. ಅವುಗಳಲ್ಲಿ ಹೆಚ್ಚಿನವುಗಳ ಮೇಲೆ ಅವನನ್ನು ಸೋಲಿಸಿದ ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿ ತನ್ನ ಮುದ್ರೆ ಹೊಡೆಸಿದ್ದ. ಕರಗಿಸುವ ಖರ್ಚಿಲ್ಲ, ಬೆಳ್ಳಿಯ ಗುಣ ಜನಕ್ಕೆ ಗೊತ್ತಿರುವುದೇ. ಹತ್ತಿರ ಹಿಡಿದು ನೋಡಿದರೆ ಶಾತವಾಹನರ ಚಿಹ್ನೆಯ ಅಡಿಯಿಂದ ನಹಪಾನನ ಮೂಗೋ ಕೆನ್ನೆಯೋ ಇಣುಕುತ್ತದೆ.

ಕನ್ನಡದಲ್ಲಿ ಅತ್ಯಂತ ಚೆನ್ನಾಗಿ ಓಡಿದ ಪದಗಳು ಈ ಜಾತಿಯವು. ಬಾಣನ ಕಥಾನಾಯಕಿಯ ಹೆಸರು ಒಂದಿಡೀ ಪ್ರಕಾರದ ಹೆಸರಾಯಿತು; ಕಾದಂಬರಿ ಓದುವವರಿಗೆ ಆ ಗಂಧರ್ವಕನ್ಯೆ ಈಗ ನೆನಪಾಗುವುದಿಲ್ಲ. ದೇವರಿಗೆಂದು ಎತ್ತಿಟ್ಟ ಮೀಸಲು, ಮೀಸಲಾತಿಯಾಗಿ ಸಂವಿಧಾನದ ಮಾತಾಯಿತು. ಕಮ್ಮಟವನ್ನು ಆಗಲೇ ನೋಡಿದೆವು.

ಆದರೆ ಎಲ್ಲಕ್ಕಿಂತ ದೂರ ಹೋದದ್ದು ಮೈಸೂರಿನಿಂದ ಹೊರಟ ಒಂದು ಪದ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವ್ಯಾಟಿನ ಒಂದು ಪ್ರೇಷಕ ಇಟ್ಟು ಬಾನುಲಿ ಕೇಂದ್ರ ಶುರು ಮಾಡಿದರು. ಮೂವತ್ತು ವ್ಯಾಟ್ ಎಂದರೆ ಆಗಿನ ಒಂದು ಮಂಕು ಬಲ್ಬಿನಷ್ಟು. ಅದಕ್ಕೆ ಇಟ್ಟ ಹೆಸರು ಆಕಾಶವಾಣಿ. ಸೂಚಿಸಿದವರು ನಾ. ಕಸ್ತೂರಿ ಎಂಬುದು ರೂಢಿಯ ಮಾತು. ಕಸ್ತೂರಿಯವರ ಮನೆಮಾತು ಮಲಯಾಳ. ಕನ್ನಡಕ್ಕೆ ಬಂದು ಇಲ್ಲಿನ ಹಾಸ್ಯದ ದೊಡ್ಡ ಹೆಸರಾದವರು. ಇರುವ ಪದಗಳಿಗೆ ಬೇಕೆಂದೇ ತಪ್ಪು ಅರ್ಥ ಹೊಡೆದು ‘ಅನರ್ಥಕೋಶ’ ಮಾಡಿದವರೂ ಅವರೇ. ಒಂದೇ ಕೈ ಅಸಲಿಯನ್ನೂ ಖೋಟಾವನ್ನೂ ಅಚ್ಚು ಹಾಕಿತು ಎಂದರೆ ಅವರೇ ನಗುತ್ತಿದ್ದರೇನೋ.

ಆಕಾಶವಾಣಿ ಎಂಟು ಮಾತ್ರೆ, ನನ್ನ ತೂಕದ ವಾದಕ್ಕೆ ನೇರ ವಿರುದ್ಧ. ಬಾನುಲಿ ನಾಲ್ಕು, ರೇಡಿಯೊ ನಾಲ್ಕು. ಎರಡರ ಗುರುಲಘುವಿನ ಸಾಲೂ ಒಂದೇ. ಆದರೂ ಬಾನುಲಿಗೆ ರೇಡಿಯೊವನ್ನು ಅಲುಗಿಸಲಾಗಲಿಲ್ಲ. ಅದು ಬಾನುಲಿ ನಾಟಕ, ಬಾನುಲಿ ಭಾಷಣಗಳಲ್ಲಿ ಉಳಿಯಿತು. ಪೆಟ್ಟಿಗೆಗೆ ರೇಡಿಯೊ ಎಂಬ ಹೆಸರು ಗಟ್ಟಿಯಾಯಿತು. ಆಕಾಶವಾಣಿ ಪೆಟ್ಟಿಗೆಯ ತಂಟೆಗೇ ಹೋಗದೆ, ಅದರಿಂದ ಬರುವ ದನಿಗೆ ಹೆಸರಾಯಿತು. ಕಂಸನಿಗೆ ಕೇಳಿಸಿದ ಅಶರೀರವಾಣಿ ಯಕ್ಷಗಾನ ನೋಡಿದವರಿಗೆಲ್ಲ ಗೊತ್ತಿತ್ತು. ಮುಖ ಕಾಣದ ದನಿಯೊಂದು ಮನೆಯೊಳಗೆ ಬಂದು ಮಾತಾಡಿದಾಗ ಅದಕ್ಕೆ ಏನೆನ್ನಬೇಕೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಜೇಬಿನಲ್ಲಿ ಆಗಲೇ ಇರುವ ನಾಣ್ಯದ ತೂಕ ಭಾರ ಎನ್ನಿಸುವುದಿಲ್ಲ. 1950ರ ದಶಕದಲ್ಲಿ ಕೇಂದ್ರ ಸರ್ಕಾರ ಇಡೀ ದೇಶದ ಬಾನುಲಿ ಸಂಸ್ಥೆಗೆ ಅದೇ ಹೆಸರನ್ನು ತೆಗೆದುಕೊಂಡಿತು.

ಇದರ ಪಕ್ಕದಲ್ಲಿ ಶ್ರೀರಂಗಪಟ್ಟಣದ ಟಂಕಸಾಲೆಯನ್ನು ಇಟ್ಟು ನೋಡಬಹುದು. ಟಿಪ್ಪು ಸುಲ್ತಾನ್ ನಾಣ್ಯವನ್ನೂ ಅದರ ಹೆಸರನ್ನೂ ಒಟ್ಟಿಗೇ ಅಚ್ಚು ಹಾಕಿಸಿದ ದೊರೆ. ಎರಡು ರೂಪಾಯಿಗೆ ಹೈದರಿ, ರೂಪಾಯಿಗೆ ಇಮಾಮಿ, ಅರ್ಧಕ್ಕೆ ಆಬಿದಿ, ಕಾಲಿಗೆ ಬಾಕಿರಿ, ತಾಮ್ರದ ಪೈಸೆಗೆ ಜೋಹ್ರಾ. ತಿಂಗಳುಗಳಿಗೆ ಹೊಸ ಹೆಸರು, ಊರುಗಳಿಗೆ ಹೊಸ ಹೆಸರು. ಕುಸುರಿಯಲ್ಲಿ ಅವನ ನಾಣ್ಯಗಳು ಈಗಲೂ ಸಂಗ್ರಾಹಕರ ಕಣ್ಮಣಿ. 1799ರ ನಂತರ ಆ ಹೆಸರುಗಳಲ್ಲಿ ಬಹುಪಾಲು ಕ್ಯಾಟಲಾಗಿನ ಪಾಲಾದವು. ಚಿತ್ರದುರ್ಗ ಚಿತ್ರದುರ್ಗವಾಗಿಯೇ ಉಳಿಯಿತು. ಮೈಸೂರಿನ ನಜರ್‌ಬಾದ್ ಮಾತ್ರ ಇವತ್ತಿಗೂ ಬಸ್ಸಿನ ಬೋರ್ಡಿನಲ್ಲಿದೆ, ಅಲ್ಲಿ ಹೊಸ ಹೆಸರಿಗೆ ಹೊಸ ಜಾಗವೊಂದು ಇತ್ತು.

ಆವರಣದೊಳಗಿನ ಪದ

ಪತ್ರಿಕೆಯ ಮೇಜಿನಲ್ಲಿ ಹೊಸ ಪದವನ್ನು ಒರೆಗೆ ಹಚ್ಚುವ ಒಂದು ಕ್ರಮ ಇದೆ, ಯಾರೂ ಅದನ್ನು ಹಾಗೆಂದು ಕರೆಯುವುದಿಲ್ಲ ಅಷ್ಟೇ. ಮೊದಲ ಸಲ ಬಂದಾಗ ಕನ್ನಡ ಪದದ ಮುಂದೆ ಆವರಣದಲ್ಲಿ ಇಂಗ್ಲಿಷ್ ಮಾತನ್ನು ಕೊಡುತ್ತಾರೆ. ಪ್ರಾಚೀನ ಕಾಲದ ಮುದ್ರಾಂಕಿತ ನಾಣ್ಯಗಳ ಹಿಂಬದಿಯಲ್ಲಿ ಸರಾಫರು ಪರೀಕ್ಷಿಸಿ ಒತ್ತಿದ ಪುಟ್ಟ ಗುರುತುಗಳಿರುತ್ತವಲ್ಲ, ಆ ಬಗೆಯದು. ಪದ ಸಲ್ಲತೊಡಗಿದ ಮೇಲೆ ಉಪಸಂಪಾದಕರು ತಮಗೆ ತಿಳಿಯದಂತೆಯೇ ಆವರಣವನ್ನು ಬಿಟ್ಟುಬಿಡುತ್ತಾರೆ. ಮತಗಟ್ಟೆಗೆ, ಸುತ್ತೋಲೆಗೆ ಇವತ್ತು ಆವರಣ ಹಾಕಿದರೆ ಓದುಗರಿಗೆ ನಗು ಬರುತ್ತದೆ. ಜಾಲತಾಣಕ್ಕೂ ಈಗ ಹಾಕುವುದಿಲ್ಲ. ದತ್ತಾಂಶಕ್ಕೆ ಒಮ್ಮೊಮ್ಮೆ ಹಾಕುತ್ತಾರೆ.

ಸದ್ಯ ಅಡೆಗಲ್ಲಿನ ಮೇಲಿರುವುದು ಕೃತಕ ಬುದ್ಧಿಮತ್ತೆ. ಒಂಬತ್ತು ಮಾತ್ರೆ, ಎದುರಿಗಿರುವ ಎಐ ಮೂರು. ‘ಕೃತಕ’ಕ್ಕೆ ನಿಘಂಟಿನಲ್ಲಿ ‘ಮಾಡಿದ್ದು’ ಎಂಬ ಸಾಧು ಅರ್ಥವಿದ್ದರೂ, ಬಳಕೆಯಲ್ಲಿ ಅದರ ಜೊತೆಗಾರರು ಕೃತಕ ನಗು, ಕೃತಕ ಅಭಾವ. ಅಂದರೆ ಹೆಸರಿನಲ್ಲೇ ಖೋಟಾ ಎಂಬ ಮುದ್ರೆ ಬಿದ್ದಿದೆ. ಆ ಯಂತ್ರ ಧೈರ್ಯವಾಗಿ ಸುಳ್ಳು ಹೇಳಿದ್ದನ್ನು ಕಂಡವರು ಇದೇ ಸರಿಯಾದ ಹೆಸರು ಎಂದರೂ ಅನ್ನಬಹುದು. ಬುದ್ಧಿಮತ್ತೆ ಬದಲು ಜಾಣ್ಮೆ ಎಂದರೆ ಹೇಗೆ, ಕೃತಕದ ಬದಲು ಯಾಂತ್ರಿಕ ಎಂದರೆ ಹೇಗೆ ಎಂದು ಕೇಳುವವರಿದ್ದಾರೆ. ಸದ್ಯಕ್ಕೆ ಸುದ್ದಿಯ ಮೊದಲ ಪ್ಯಾರಾದಲ್ಲಿ ಕೃತಕ ಬುದ್ಧಿಮತ್ತೆ ಬರುತ್ತದೆ, ಪಕ್ಕದಲ್ಲೇ ಆವರಣ. ಎರಡನೆಯ ಪ್ಯಾರಾದಿಂದ ಕೊನೆಯವರೆಗೆ, ಮತ್ತು ಮೇಲಿನ ಶೀರ್ಷಿಕೆಯಲ್ಲಿ, ಎಐ.